ಎಟಿಎಂ ಕ್ಯಾಮೆರಾ ಯಾವ ಹೊತ್ತಿಗೆ ಕೈಕೊಡುತ್ತದೆ? ಕಲಬುರಗಿ ಭಾಗದ ಸೈಟುಗಳಿಗೆ ದೋಷ ನಿವಾರಣೆ ಕೈಪಿಡಿ

ಎಟಿಎಂ ಸೈಟಿನಿಂದ ಬರುವ ದೂರು ಬಹುಪಾಲು ಒಂದೇ ಸಾಲಿನದು: ಕ್ಯಾಮೆರಾ ಹೋಗಿದೆ, ಹೊಸದು ಹಾಕಿ. ಹೊಸದು ಹಾಕಿದರೆ ಕೆಲವು ವಾರ ನಡೆಯುತ್ತದೆ, ಆಮೇಲೆ ಮತ್ತೆ ಅದೇ ದೂರು. ಕಲಬುರಗಿ, ಬೀದರ್, ಯಾದಗಿರಿ ಸೈಟುಗಳಲ್ಲಿ ನಿಜಕ್ಕೂ ಕ್ಯಾಮೆರಾವೇ ಸತ್ತಿರುವುದು ಕಡಿಮೆ. ಹೆಚ್ಚಾಗಿ ಕೆಟ್ಟಿರುವುದು ಅದಕ್ಕೆ ಹೋಗುವ 12 ವೋಲ್ಟ್, ಇಲ್ಲವೇ ಅರ್ಥಿಂಗ್, ಹಾರ್ಡ್ ಡಿಸ್ಕ್, ಡಿವಿಆರ್ (ಕ್ಯಾಮೆರಾಗಳ ಚಿತ್ರ ದಾಖಲಿಸುವ ಪೆಟ್ಟಿಗೆ) ಗಡಿಯಾರ. ಏಣಿ ಹಾಕುವ ಮುನ್ನ ಡಿವಿಆರ್‌ನ ಲಾಗ್ ತೆಗೆದು, 'ವಿಡಿಯೋ ಲಾಸ್' ಎಂದು ದಾಖಲಾದ ಸಮಯಗಳನ್ನು ನಾಲ್ಕೈದು ದಿನದ್ದು ಬರೆದುಕೊಳ್ಳಿ. ಚಿತ್ರ ಯಾವ ಹೊತ್ತಿಗೆ ಹೋಯಿತು, ಯಾವ ಹೊತ್ತಿಗೆ ಮರಳಿತು ಎಂದು ಗೊತ್ತಾದರೆ ಅರ್ಧ ದೋಷ ಸಿಕ್ಕಂತೆ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ನಾಲ್ಕು ಕ್ಯಾಮೆರಾದ ಸಾಮಾನ್ಯ ಸೈಟು: ಗ್ರಾಹಕರ ಮುಖಕ್ಕೊಂದು, ಕ್ಯಾಬಿನ್ ಮೂಲೆಯಲ್ಲೊಂದು ಡೋಮ್, ಯುಪಿಎಸ್ ಇರುವ ಹಿಂಬದಿ ಕೋಣೆಗೊಂದು, ಹೊರಗೆ ರಸ್ತೆ ಕಡೆಗೊಂದು ಬುಲೆಟ್. ಕೆಲವು ಮಷಿನ್‌ಗಳ ಒಳಗೇ ಬೇರೆ ಕ್ಯಾಮೆರಾ ಇರುತ್ತದೆ, ಅದರ ಚಿತ್ರ ಮಷಿನ್‌ನ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದರ ದೂರು ಬಂದರೆ ಡಿವಿಆರ್ ಬಿಚ್ಚಿ ಪ್ರಯೋಜನವಿಲ್ಲ, ಮಷಿನ್ ಎಂಜಿನಿಯರ್ ಬರಬೇಕು.

ಕೈ ಹಾಕುವ ಮುನ್ನ

ಮೊದಲು ಮಾನಿಟರಿಂಗ್ ಸೆಂಟರಿಗೆ ಫೋನ್ ಮಾಡಿ ಸೈಟನ್ನು ಟೆಸ್ಟ್ ಮೋಡ್‌ಗೆ ಹಾಕಿಸಿ. ಇಲ್ಲದಿದ್ದರೆ ನೀವು ಕ್ಯಾಮೆರಾ ತಿರುಗಿಸಿದ ಕೂಡಲೇ ಹೂಟರ್ ಹೊಡೆದುಕೊಳ್ಳುತ್ತದೆ, ಠಾಣೆಯವರು ಬಂದು ನಿಲ್ಲುತ್ತಾರೆ. ಎರಡನೆಯದು, ಡಿವಿಆರ್ ಪರದೆಯ ಗಡಿಯಾರ ಮತ್ತು ನಿಮ್ಮ ಮೊಬೈಲಿನ ಗಡಿಯಾರ ಒಂದೇ ಫೋಟೋದಲ್ಲಿ ಬರುವಂತೆ ಚಿತ್ರ ತೆಗೆಯಿರಿ. ಇದನ್ನು ಏನೇ ಸರಿಪಡಿಸುವ ಮೊದಲೇ ಮಾಡಬೇಕು. ಏಕೆಂಬುದು ಮುಂದೆ ಬರುತ್ತದೆ. ಮೂರನೆಯದು, 'ಡಿಸ್ಕ್ ಸಿದ್ಧವಿಲ್ಲ, ಫಾರ್ಮ್ಯಾಟ್ ಮಾಡಲೇ?' ಎಂದು ಪರದೆ ಕೇಳಿದರೆ ಬೇಡ ಎನ್ನಿ. ಆ ಡಿಸ್ಕಿನಲ್ಲಿ ಯಾರದೋ ದೂರಿನ ದೃಶ್ಯ ಇರಬಹುದು.

ಚೀಲದಲ್ಲಿ ಇರಬೇಕಾದದ್ದು: ಮಲ್ಟಿಮೀಟರ್, 12 ವೋಲ್ಟ್ 2 ಆಂಪಿಯರಿನ ಒಂದು ಒಳ್ಳೆಯ ಅಡಾಪ್ಟರ್, ಒಂದು ಮೀಟರಿನ ಕೋಆಕ್ಸಿಯಲ್ ತುಂಡು ಎರಡು ತುದಿಗೂ ಬಿಎನ್‌ಸಿ (ತಿರುಗಿಸಿ ಸಿಕ್ಕಿಸುವ ವಿಡಿಯೋ ಕನೆಕ್ಟರ್) ಹಾಕಿದ್ದು, ಕೆಲಸ ಮಾಡುತ್ತದೆಂದು ಖಚಿತವಾಗಿ ಗೊತ್ತಿರುವ ಒಂದು ಕ್ಯಾಮೆರಾ, ಡಿವಿಆರ್ ಬೋರ್ಡಿನ ಗಡಿಯಾರಕ್ಕೆ ಸಿಆರ್2032 ಬಟನ್ ಸೆಲ್, ಗಾಳಿ ಊದುವ ರಬ್ಬರ್ ಬುಗ್ಗೆ, ಮೆತ್ತನೆಯ ಬಟ್ಟೆ.

ರಾತ್ರಿ ಮಾತ್ರ ಹೋಗುವ ಚಿತ್ರ

ಹಗಲೆಲ್ಲ ಚಿತ್ರ ಲಕಲಕ. ಸಂಜೆ ಏಳರ ಸುಮಾರಿಗೆ ಹೊರಗಿನ ಕ್ಯಾಮೆರಾ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಈ ದೂರನ್ನು ಕಂಡರೆ ಕ್ಯಾಮೆರಾ ಬದಲಿಸುವ ಮಾತೇ ಬೇಡ. ಕತ್ತಲಾದಾಗ ಕ್ಯಾಮೆರಾದ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ದೀಪಗಳು ಹೊತ್ತಿಕೊಂಡು ಕ್ಯಾಮೆರಾ ಎಳೆಯುವ ಕರೆಂಟು ಹೆಚ್ಚುತ್ತದೆ. ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಕ್ಯಾಮೆರಾ ಆರಿ ಮತ್ತೆ ಬೂಟ್ ಆಗುತ್ತದೆ. ಐಆರ್ ಹೊತ್ತಿದೊಡನೆ ಮತ್ತೆ ಅದೇ ಪಾಡು.

ಲೆಕ್ಕ ಸುಲಭ. 0.5 ಚದರ ಮಿಲಿಮೀಟರ್ ತಾಮ್ರದ ತಂತಿ, ಡಿವಿಆರ್‌ನಿಂದ ಕ್ಯಾಮೆರಾಕ್ಕೆ 30 ಮೀಟರ್ ಎಂದುಕೊಳ್ಳಿ. ಹೋಗಿ ಬರುವ ದಾರಿ 60 ಮೀಟರ್, ರೋಧ ಸುಮಾರು 2 ಓಮ್. ಅರ್ಧ ಆಂಪಿಯರ್ ಹರಿದರೆ 1 ವೋಲ್ಟ್ ದಾರಿಯಲ್ಲೇ ಕರಗುತ್ತದೆ, ಕ್ಯಾಮೆರಾಕ್ಕೆ 11 ಮುಟ್ಟುತ್ತದೆ. ಇಷ್ಟಾದರೆ ನಡೆಯುತ್ತದೆ. ಆದರೆ ತಂತಿ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಆಗಿದ್ದರೆ ನಷ್ಟ ಒಂದೂವರೆ ಪಟ್ಟು, ಅಲ್ಲಿಗೆ ಉಳಿಯುವುದು ಸುಮಾರು 10.5 ವೋಲ್ಟ್. ಹೆಚ್ಚಿನ ಕ್ಯಾಮೆರಾಗಳು 12 ವೋಲ್ಟಿಗೆ ಶೇ 10ರಷ್ಟು ಹೆಚ್ಚು ಕಡಿಮೆ ಮಾತ್ರ ತಾಳುತ್ತವೆ, ಅಂದರೆ 10.8ಕ್ಕಿಂತ ಕೆಳಗಿಳಿದರೆ ಭರವಸೆಯಿಲ್ಲ.

ಅಳೆಯುವ ಬಗೆ: ಎಸ್‌ಎಂಪಿಎಸ್ (12 ವೋಲ್ಟ್ ಕೊಡುವ ಪವರ್ ಸಪ್ಲೈ) ಬಳಿ ಅಳೆದು 12 ಬಂತೆಂದು ಕೆಳಗಿಳಿಯಬೇಡಿ. ಕ್ಯಾಮೆರಾ ತುದಿಯಲ್ಲಿ, ಕ್ಯಾಮೆರಾ ಜೋಡಿಸಿಯೇ ಇರುವಾಗ, ಲೆನ್ಸ್ ಪಕ್ಕದ ಬೆಳಕಿನ ಸೆನ್ಸರನ್ನು ಬೆರಳಿಂದ ಮುಚ್ಚಿ ಐಆರ್ ಹೊತ್ತಿಸಿ ಅಳೆಯಿರಿ. ಸೆನ್ಸರ್ ಕಾಣದ ಮಾದರಿಯಾದರೆ ಲೆನ್ಸಿನ ಮುಂಭಾಗವನ್ನೇ ಬಟ್ಟೆಯಿಂದ ಮುಚ್ಚಿ. ಹಗಲಿನಲ್ಲೇ ರಾತ್ರಿಯ ದೋಷ ಕೈಗೆ ಸಿಗುತ್ತದೆ. ಆಮೇಲೆ ತಂತಿಯ ತುದಿಯನ್ನು ಚಾಕುವಿನಿಂದ ಕೆರೆಯಿರಿ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಪರಿಹಾರ ಎರಡು: 1 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ತಂತಿ ಪ್ರತ್ಯೇಕ ಎಳೆಯುವುದು, ಅಥವಾ ಕ್ಯಾಮೆರಾ ಹತ್ತಿರವೇ ಯುಪಿಎಸ್ ಲೈನಿನಿಂದ ಒಂದು ಅಡಾಪ್ಟರ್ ಕೊಡುವುದು. ಎಸ್‌ಎಂಪಿಎಸ್‌ನ ಸ್ಕ್ರೂ ತಿರುಗಿಸಿ 13.5ಕ್ಕೆ ಏರಿಸುವ ಉಪಾಯ ಬೇಡ. ಹತ್ತಿರದ ಕ್ಯಾಮೆರಾಕ್ಕೆ ಅಷ್ಟೂ ವೋಲ್ಟೇಜ್ ಹೋಗಿ ಅದು ಸಾಯುತ್ತದೆ.

ನೆಟ್‌ವರ್ಕ್ ಕೇಬಲಿನ ಐಪಿ ಕ್ಯಾಮೆರಾ ಸೈಟಿನಲ್ಲೂ ಇದೇ ಅಲ್ಯೂಮಿನಿಯಂ ಕಾಡುತ್ತದೆ. ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಕಳಿಸುವ) ಸ್ವಿಚ್ಚಿನ ಒಂದು ಪೋರ್ಟ್ 802.3ಎಎಫ್ ಮಾನದಂಡದ ಪ್ರಕಾರ 15.4 ವ್ಯಾಟ್ ಕೊಡುತ್ತದೆ, 100 ಮೀಟರ್ ಕೇಬಲ್ ದಾಟಿ ಕ್ಯಾಮೆರಾಕ್ಕೆ ಖಚಿತವಾಗಿ ಸಿಗುವುದು 12.95 ವ್ಯಾಟ್. ಆ ಲೆಕ್ಕವೆಲ್ಲ ತಾಮ್ರದ ಕೇಬಲಿನದು.

ರಾತ್ರಿ ಚಿತ್ರ ಹೋಗದೆ ಬರೀ ಬೆಳ್ಳಗೆ ಮಂಜು ಕವಿದರೆ ಅದು ಬೇರೆ ಕಥೆ. ಕ್ಯಾಬಿನ್ ಒಳಗಿನ ಡೋಮ್ ಆಗಿದ್ದರೆ ಅದರ ಐಆರ್ ಗಾಜಿನ ಬಾಗಿಲಿಗೆ ಬಡಿದು ವಾಪಸ್ ಬರುತ್ತಿದೆ. ಒಳಗೆ ಇಡೀ ರಾತ್ರಿ ಟ್ಯೂಬ್ ಉರಿಯುವುದರಿಂದ ಐಆರ್ ಅಗತ್ಯವೇ ಇಲ್ಲ, ಮೆನುವಿನಲ್ಲಿ ಆಫ್ ಮಾಡಿ. ಹೊರಗಿನ ಬುಲೆಟ್ ಆಗಿದ್ದರೆ ಜೇಡರ ಬಲೆ. ಐಆರ್ ಬೆಳಕಿಗೆ ಹುಳ, ಹುಳಕ್ಕೆ ಜೇಡ, ಜೇಡಕ್ಕೆ ಹಲ್ಲಿ. ಬಲೆ ಗಾಳಿಗೆ ಅಲುಗಾಡಿದಾಗಲೆಲ್ಲ ಚಲನೆ ಕಂಡಿತೆಂದು ಡಿವಿಆರ್ ರೆಕಾರ್ಡ್ ಮಾಡುತ್ತಲೇ ಇರುತ್ತದೆ, ಡಿಸ್ಕ್ ಬೇಗ ತುಂಬುತ್ತದೆ. ಹೀಗಾಗಿ ರೆಕಾರ್ಡಿಂಗ್ ದಿನಗಳು ಕಡಿಮೆಯಾದ ದೂರಿಗೆ ಒಮ್ಮೊಮ್ಮೆ ಉತ್ತರ ಪೊರಕೆಯಲ್ಲಿರುತ್ತದೆ.

ಮಧ್ಯಾಹ್ನ ಎರಡರಿಂದ ಐದರವರೆಗೆ ಕೆಡುವುದು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ನೆರಳಿನ ತಾಪಮಾನವೇ 42 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯ ಹಿಂಬದಿ ಕೋಣೆಯಲ್ಲಿ ಎಸಿಯೂ ಟ್ರಿಪ್ ಆಗಿದ್ದರೆ ಡಿವಿಆರ್ ಪೆಟ್ಟಿಗೆಯ ಒಳಗೆ ಎಷ್ಟಿರಬಹುದು, ನೀವೇ ಊಹಿಸಿ. ಲಾಗ್‌ನಲ್ಲಿ ಮಧ್ಯಾಹ್ನವೇ ರೀಸ್ಟಾರ್ಟ್ ಕಾಣುತ್ತಿದ್ದರೆ ಮೂರು ಜಾಗ ನೋಡಿ.

ಡಿಸ್ಕಿನ ತಾಪಮಾನ: ಡಿವಿಆರ್ ಮೆನುವಿನ ಸ್ಮಾರ್ಟ್ (ಡಿಸ್ಕಿನ ಆರೋಗ್ಯ ತೋರಿಸುವ) ಪುಟದಲ್ಲಿ ಸಿಗುತ್ತದೆ. ಹೆಚ್ಚಿನ ಡಿಸ್ಕುಗಳ ಮಿತಿ 60ರಿಂದ 70 ಡಿಗ್ರಿಯ ನಡುವೆ ಇರುತ್ತದೆ, ಆದರೆ 50 ದಾಟಿದರೇ ಎಚ್ಚರಿಕೆ ಎಂದುಕೊಳ್ಳಿ. ಫ್ಯಾನ್ ಮತ್ತು ಗಾಳಿ ಕಿಂಡಿ: ಕಲಬುರಗಿಯ ದಾಲ್ ಮಿಲ್‌ಗಳ ಸುತ್ತಲಿನ ಸೈಟುಗಳಲ್ಲಿ ತೊಗರಿ ಹೊಟ್ಟಿನ ನುಣ್ಣನೆ ಧೂಳು ಫ್ಯಾನಿನ ಎಲೆಗಳಿಗೆ ಅಂಟಿ ಹಚ್ಚಡದಂತೆ ಕೂತಿರುತ್ತದೆ. ಮೂರನೆಯದು ಎಸ್‌ಎಂಪಿಎಸ್. ಅದರೊಳಗಿನ ಕೆಪಾಸಿಟರುಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ. ತಣ್ಣಗಿರುವಾಗ 12 ವೋಲ್ಟ್ ತೋರಿಸಿ, ಬಿಸಿಯಾದ ಮೇಲೆ ಚಿತ್ರದಲ್ಲಿ ಅಡ್ಡ ಗೆರೆ ಹರಿಸುವ ಎಸ್‌ಎಂಪಿಎಸ್‌ಗಳು ಈ ಬಗೆಯವು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ 12 ವೋಲ್ಟ್ ಔಟ್‌ಪುಟ್ ಅಳೆಯಿರಿ. 100 ಮಿಲಿವೋಲ್ಟ್ ದಾಟಿದರೆ ಬದಲಿಸಿ. ಒಂದು ಮಾತು: ಅಗ್ಗದ ಮೀಟರುಗಳು ಎಸಿ ಮೋಡ್‌ನಲ್ಲಿ ಡಿಸಿಯನ್ನೂ ಎಸಿ ಎಂದೇ ತೋರಿಸುತ್ತವೆ. ಮೊದಲು ಒಂದು ಹೊಸ ಬ್ಯಾಟರಿಗೆ ಹಿಡಿದು ಸೊನ್ನೆ ಬರುತ್ತದೋ ನೋಡಿಕೊಳ್ಳಿ.

ಸಂಜೆಯ ಬಿಸಿಲು ಇನ್ನೊಂದು ತೊಂದರೆ ತರುತ್ತದೆ. ಬಾಗಿಲು ಪಶ್ಚಿಮಕ್ಕಿದ್ದರೆ ನಾಲ್ಕರ ಹೊತ್ತಿಗೆ ಗ್ರಾಹಕರ ಬೆನ್ನ ಹಿಂದೆ ಸೂರ್ಯ. ಮುಖ ಕರಿ ನೆರಳು. ಕ್ಯಾಮೆರಾದಲ್ಲಿ ಡಬ್ಲ್ಯುಡಿಆರ್ (ಬೆಳಕು, ನೆರಳು ಎರಡನ್ನೂ ಒಟ್ಟಿಗೆ ತೋರಿಸುವ ಸೌಲಭ್ಯ) ಆನ್ ಮಾಡಿ. ಸೆನ್ಸರ್ ಚಿಪ್‌ನಲ್ಲೇ ಇರುವ 120 ಡೆಸಿಬೆಲ್‌ನ ನಿಜವಾದ ಡಬ್ಲ್ಯುಡಿಆರ್ ಬೇಕು, ಡಿಜಿಟಲ್ ಎಂದು ಬರೆದದ್ದು ನೆರಳನ್ನು ಬೂದು ಮಾಡುತ್ತದೆ ಅಷ್ಟೆ. ಆದರೂ ಆಗದಿದ್ದರೆ ಗಾಜಿಗೆ ಫಿಲ್ಮ್ ಅಂಟಿಸಲು ಬ್ಯಾಂಕಿನವರನ್ನು ಕೇಳಿ. ಚಿತ್ರದಲ್ಲಿ ಮೇಲೆ ಕೆಳಗೆ ಹರಿಯುವ ಮಸುಕು ಪಟ್ಟಿ ಕಂಡರೆ ಸೆಟ್ಟಿಂಗ್ 60 ಹರ್ಟ್ಸ್‌ನಲ್ಲಿದೆ, ನಮ್ಮ ಕರೆಂಟು 50 ಹರ್ಟ್ಸ್‌ನದು.

ಕರೆಂಟ್ ಹೋಗಿ ಬಂದ ಮೇಲೆ

ಮುಖ್ಯ ಎಂಸಿಬಿ ಇಳಿಸಿ ಹತ್ತು ನಿಮಿಷ ಸುಮ್ಮನೆ ಪರದೆ ನೋಡುತ್ತ ನಿಲ್ಲಿ. ಯಾವುದು ಕೂಡಲೇ ಮಾಯವಾಯಿತೋ ಅದು ಯುಪಿಎಸ್ ಮೇಲಿಲ್ಲ, ನೇರ ಲೈನಿನಲ್ಲಿದೆ. ಹೊರಗಿನ ಕ್ಯಾಮೆರಾ ಮತ್ತು 4ಜಿ ರೂಟರ್ ಹೀಗೆ ಹೊರಗುಳಿದಿರುವುದೇ ಹೆಚ್ಚು. ಕಳ್ಳನಿಗೆ ಬೇಕಾದದ್ದೂ ಅದೇ ಹತ್ತು ನಿಮಿಷ.

ಇನ್ನು ಅರ್ಥಿಂಗ್. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದರೆ 2 ವೋಲ್ಟಿನೊಳಗಿರಬೇಕು. ಕಲಬುರಗಿ, ಯಾದಗಿರಿಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಒಣಗಿದರೆ ಕರೆಂಟು ಹಾಯಿಸುವುದೇ ಕಷ್ಟ. ಜನವರಿಯಲ್ಲಿ 1 ವೋಲ್ಟ್ ಇದ್ದ ಸೈಟು ಮೇ ತಿಂಗಳಲ್ಲಿ 8 ತೋರಿಸಿದರೆ ಅಚ್ಚರಿಯಿಲ್ಲ. ಅರ್ಥ್ ಗುಂಡಿಗೆ ನೀರು ಹಾಕಿ ಮರುದಿನ ಅಳೆಯಿರಿ. ಇಳಿದರೆ ಗುಂಡಿಯ ದೋಷ, ಇಳಿಯದಿದ್ದರೆ ಸಡಿಲ ಕ್ಲಾಂಪ್ ಅಥವಾ ನ್ಯೂಟ್ರಲ್ ದೋಷ. ನ್ಯೂಟ್ರಲ್ ಕಡೆಯದಾದರೆ ವಿದ್ಯುತ್ ಕಂಪನಿ ಜೆಸ್ಕಾಂನವರನ್ನು ಕರೆಸಬೇಕು.

ಕೋಆಕ್ಸಿಯಲ್ ಕೇಬಲಿನ ಅನಲಾಗ್ ಸೈಟಿನಲ್ಲಿ ಅರ್ಥಿಂಗ್ ದೋಷದ ಗುರುತು ಚಿತ್ರದಲ್ಲಿ ನಿಧಾನ ಹತ್ತುವ ಪಟ್ಟಿಗಳು. ಆ ಚಾನೆಲ್‌ನ ಬಿಎನ್‌ಸಿ ಬಿಚ್ಚಿ, ಅದರ ಹೊರಕವಚಕ್ಕೂ ಡಿವಿಆರ್‌ನ ಲೋಹದ ಮೈಗೂ ನಡುವೆ ಎಸಿ ವೋಲ್ಟ್ ಅಳೆಯಿರಿ. ಒಂದು ವೋಲ್ಟ್ ದಾಟಿದರೆ ಕ್ಯಾಮೆರಾ ಎಲ್ಲೋ ಶಟರಿನ ಕಬ್ಬಿಣಕ್ಕೆ ತಾಗಿ ಎರಡನೇ ಅರ್ಥ್ ಹಿಡಿದಿದೆ. ಕ್ಯಾಮೆರಾ ಮತ್ತು ಕಬ್ಬಿಣದ ನಡುವೆ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಬಂದರೆ ಪಟ್ಟಿ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲಾದರೆ ಬಾಕ್ಸ್ ಬಿಚ್ಚಿ ಕನೆಕ್ಟರ್ ನೋಡಿ. ಹಸಿರು ಕಿಲುಬು ಇದ್ದರೆ ಕತ್ತರಿಸಿ ಹೊಸದು ಹಾಕಿ. ಕೇಬಲ್ ಬಾಕ್ಸಿಗೆ ಹೋಗುವ ಮುನ್ನ ಕೆಳಗಿಳಿದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಗಡಿಯಾರ

ಚಿತ್ರ ಚೆನ್ನಾಗಿದೆ, ರೆಕಾರ್ಡಿಂಗ್ ಇದೆ, ಆದರೂ ಸೈಟು ಕೆಟ್ಟಿದೆ: ಸಮಯ ತಪ್ಪಿದ್ದರೆ ಹೀಗೇ. ಖಾತೆಯಿಂದ ಹಣ ಕಡಿತವಾಗಿ ನೋಟು ಬರದಿದ್ದರೆ ಐದು ದಿನದೊಳಗೆ ಹಣ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಗ್ರಾಹಕರು ಅದನ್ನೂ ಒಪ್ಪದೆ ದೂರು ಕೊಟ್ಟಾಗ ಬ್ಯಾಂಕು ಮಷಿನ್ ದಾಖಲೆಯ ಸಮಯ ಹಿಡಿದು ದೃಶ್ಯ ಹುಡುಕುತ್ತದೆ. ಡಿವಿಆರ್ ಮೂರು ನಿಮಿಷ ಹಿಂದಿದ್ದರೆ ಸಿಗುವ ಮುಖ ಮತ್ತೊಬ್ಬರದು.

ತಪ್ಪಿನ ಪ್ರಮಾಣವೇ ಕಾರಣ ಹೇಳುತ್ತದೆ. ಸರಿಯಾಗಿ ಎರಡೂವರೆ ಗಂಟೆ ಮುಂದಿದ್ದರೆ ಟೈಮ್ ಝೋನ್ ಚೀನಾದ +8:00 ರಲ್ಲೇ ಉಳಿದಿದೆ, +5:30 ಮಾಡಿ. ಪ್ರತಿ ಸಲ ಕರೆಂಟ್ ಹೋದಾಗ 2000ನೇ ಇಸವಿಗೋ 1970ಕ್ಕೋ ಜಾರಿದರೆ ಬೋರ್ಡಿನ ಸೆಲ್ ಮುಗಿದಿದೆ. 3 ವೋಲ್ಟ್ ಇರಬೇಕಾದ ಸಿಆರ್2032 2.5ಕ್ಕಿಂತ ಕೆಳಗಿದ್ದರೆ ಬದಲಿಸಿ. ಕೆಲವು ನಿಮಿಷ ಮಾತ್ರ ಜಾರಿದ್ದರೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಹೊಂದಿಸುವ ವ್ಯವಸ್ಥೆ) ತಲುಪುತ್ತಿಲ್ಲ. ದಿನಕ್ಕೆ ಎರಡು ಸೆಕೆಂಡ್ ಜಾರಿದರೂ ಮೂರು ತಿಂಗಳಿಗೆ ಮೂರು ನಿಮಿಷ. ಬ್ಯಾಂಕಿನ ನೆಟ್‌ವರ್ಕ್ ಹೊರಗಿನ ಸರ್ವರ್‌ಗೆ ಎನ್‌ಟಿಪಿ ಬಳಸುವ ಯುಡಿಪಿ 123 ಪೋರ್ಟ್ ಬಿಡುವುದಿಲ್ಲ, ಒಳಗಿನ ಸಮಯ ಸರ್ವರಿನ ವಿಳಾಸ ಕೇಳಿ ಹಾಕಿ.

ಗಡಿಯಾರ ಸರಿಪಡಿಸುವ ಮುನ್ನ ಮೊದಲು ತೆಗೆದ ಫೋಟೋ ನೆನಪಿರಲಿ. ಹಳೆಯ ರೆಕಾರ್ಡಿಂಗ್‌ಗೆಲ್ಲ ಹಳೆಯ ತಪ್ಪು ಸಮಯವೇ ಅಂಟಿರುತ್ತದೆ. ಎಷ್ಟು ತಪ್ಪಿತ್ತು ಎಂಬುದಕ್ಕೆ ಆ ಫೋಟೋ ಒಂದೇ ದಾಖಲೆ, ಸೈಟ್ ರಿಜಿಸ್ಟರಿನಲ್ಲೂ ಬರೆಯಿರಿ.

ಬೇಕಾದ ದಿನದ್ದೇ ಇಲ್ಲ

90 ದಿನ ಇರಬೇಕಾದ ರೆಕಾರ್ಡಿಂಗ್ 38 ದಿನಕ್ಕೇ ನಿಂತಿದ್ದರೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಒಂದು ಕ್ಯಾಮೆರಾ 1 ಎಂಬಿಪಿಎಸ್ ವೇಗದಲ್ಲಿ ದಿನವಿಡೀ ಬರೆದರೆ 10.8 ಜಿಬಿ. ನಾಲ್ಕು ಕ್ಯಾಮೆರಾ ತಲಾ 2 ಎಂಬಿಪಿಎಸ್ ಎಂದರೆ ದಿನಕ್ಕೆ 86.4 ಜಿಬಿ, 90 ದಿನಕ್ಕೆ ಸುಮಾರು 7.8 ಟಿಬಿ. 4 ಟಿಬಿ ಡಿಸ್ಕ್ ಹಾಕಿ 90 ದಿನ ಬರಲಿಲ್ಲ ಎಂದರೆ ತಪ್ಪು ಡಿಸ್ಕಿನದಲ್ಲ. ವಿಡಿಯೋವನ್ನು ಹೆಚ್ಚು ಕುಗ್ಗಿಸುವ ಎಚ್.265ಕ್ಕೆ ಬದಲಿಸಿ ತಲಾ 1 ಎಂಬಿಪಿಎಸ್‌ಗೆ ಇಳಿಸಿದರೂ 3.9 ಟಿಬಿ ಬೇಕು, 4 ಟಿಬಿಗೆ ತೀರಾ ಅಂಚು. 6 ಟಿಬಿ ಹಾಕುವುದೇ ಜಾಣತನ. ಬಿಟ್‌ರೇಟ್ ಇನ್ನೂ ಇಳಿಸಿ ದಿನ ಹೆಚ್ಚಿಸಿದರೆ ಲೆಕ್ಕ ತುಂಬುತ್ತದೆ, ಮುಖ ಚೌಕಚೌಕವಾಗುತ್ತದೆ.

ಲೆಕ್ಕ ಸರಿಯಿದ್ದೂ ನಡುನಡುವೆ ರಂಧ್ರವಿದ್ದರೆ ಸ್ಮಾರ್ಟ್ ಪುಟ. 05 ಮತ್ತು ಸಿ5 (ಕೆಟ್ಟ ಜಾಗಗಳ ಎಣಿಕೆ) ಸಾಲುಗಳಲ್ಲಿ ಸೊನ್ನೆಯಲ್ಲದ ಸಂಖ್ಯೆ ಬೆಳೆಯುತ್ತಿದ್ದರೆ ಡಿಸ್ಕಿನ ತಟ್ಟೆಯೇ ಕೆಡುತ್ತಿದೆ. ಸಿ7 (ಕೇಬಲ್ ದಾರಿಯ ದೋಷಗಳ ಎಣಿಕೆ) ಮಾತ್ರ ಏರುತ್ತಿದ್ದರೆ ಡಿಸ್ಕ್ ಚೆನ್ನಾಗಿದೆ, ಸಾಟಾ ಕೇಬಲ್ ಬದಲಿಸಿ. ಮನೆಯ ಕಂಪ್ಯೂಟರಿನ ಡಿಸ್ಕ್ ಹಾಕಿದ್ದರೆ ತೆಗೆದುಬಿಡಿ. ಕಣ್ಗಾವಲಿಗೆಂದೇ ಮಾಡಿದ್ದು ಇಪ್ಪತ್ನಾಲ್ಕು ಗಂಟೆ ಬರೆಯಲು ತಯಾರಾದದ್ದು. 'ತುಂಬಿದಾಗ ಹಳೆಯದರ ಮೇಲೆ ಬರೆ' ಎಂಬ ಆಯ್ಕೆ ಆಫ್ ಆಗಿ ರೆಕಾರ್ಡಿಂಗೇ ನಿಂತಿದೆಯೋ ನೋಡಲು ಅರ್ಧ ನಿಮಿಷ ಸಾಕು.

ಚಿತ್ರವಿದೆ, ಮುಖವಿಲ್ಲ

ಅಪರಿಚಿತರ ಗುರುತು ಹಿಡಿಯಲು ಮೀಟರಿಗೆ 250 ಪಿಕ್ಸೆಲ್ ಬೇಕೆಂದು ಕಣ್ಗಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿ ಹೇಳುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 1920 ಪಿಕ್ಸೆಲ್, ಅಂದರೆ 7.7 ಮೀಟರ್ ಅಗಲದ ನೋಟದವರೆಗೆ ಮಾತ್ರ ಅದು ಮುಖ ಕೊಡಬಲ್ಲದು. 2.8 ಮಿಮೀ ಲೆನ್ಸಿನಲ್ಲಿ ಇಷ್ಟು ಅಗಲ ಸುಮಾರು 3 ಮೀಟರ್ ದೂರದಲ್ಲೇ ಮುಗಿಯುತ್ತದೆ. ಕ್ಯಾಬಿನ್ ಒಳಗೆ ಸಾಕು. ಹೊರಗೆ 8 ಮೀಟರಿನ ಗೇಟಿಗೆ ಅದೇ ಲೆನ್ಸ್ ಹಾಕಿದರೆ ಮೀಟರಿಗೆ ನೂರು ಪಿಕ್ಸೆಲ್ಲೂ ಉಳಿಯದು. ಅಲ್ಲಿಗೆ 6 ಮಿಮೀ ಬೇಕು.

2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ಹಣ ತುಂಬುವ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದವರು ಹಾಡಹಗಲೇ ಗುಂಡು ಹಾರಿಸಿ ಹಣ ದೋಚಿದ್ದು ಈ ಭಾಗದವರು ಮರೆತಿಲ್ಲ. ಕ್ಯಾಬಿನ್ನಿನ ನಾಲ್ಕು ಗೋಡೆಗೆ ಸೀಮಿತವಾದ ಕಣ್ಗಾವಲು ಅಂಥದ್ದಕ್ಕೆ ಉಪಯೋಗವಿಲ್ಲ. ಹಣದ ವ್ಯಾನು ನಿಲ್ಲುವ ಜಾಗ, ಅಲ್ಲಿಂದ ಬಾಗಿಲವರೆಗಿನ ದಾರಿ ಹೊರಗಿನ ಕ್ಯಾಮೆರಾದಲ್ಲಿ ಬರಲೇಬೇಕು. ನಂಬರ್ ಪ್ಲೇಟ್ ಬೇಕೆಂದರೆ ಪ್ರತ್ಯೇಕ ಕ್ಯಾಮೆರಾ: ಬೈಕಿನ ಹಿಂಬದಿ ಪ್ಲೇಟ್ 200 ಮಿಮೀ ಅಗಲ, ಮೀಟರಿಗೆ 250 ಪಿಕ್ಸೆಲ್ ಇದ್ದರೂ ಇಡೀ ಪ್ಲೇಟಿಗೆ ಸಿಗುವುದು 50 ಪಿಕ್ಸೆಲ್.

ಎತ್ತರವೂ ಮುಖ್ಯ. ಚಾವಣಿಯ ಡೋಮ್‌ಗೆ ಕಾಣುವುದು ಹೆಲ್ಮೆಟ್ಟಿನ ನೆತ್ತಿ. ಮುಖದ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ, ಒಂದೂವರೆ ಮೀಟರಿನ ಆಸುಪಾಸು ಇರಲಿ. ಕೀಪ್ಯಾಡ್ ಯಾವ ಕ್ಯಾಮೆರಾದಲ್ಲೂ ಕಾಣಬಾರದು; ಕಂಡರೆ ಕೋನ ಬದಲಿಸಿ ಅಥವಾ ಆ ಭಾಗಕ್ಕೆ ಮುಸುಕು ಹಾಕಿ. ಒಂದು ಕ್ಯಾಮೆರಾ ಇನ್ನೊಂದನ್ನು ನೋಡುವಂತಿರಲಿ, ಲೆನ್ಸಿಗೆ ಬಣ್ಣ ಬಳಿಯುವವನ ಮುಖ ಪಕ್ಕದ್ದರಲ್ಲಿ ಸಿಗುತ್ತದೆ. ಮೆನುವಿನ 'ಟ್ಯಾಂಪರ್' ಎಚ್ಚರಿಕೆ ಆನ್ ಮಾಡಿ ಅಂಗೈಯಿಂದ ಲೆನ್ಸ್ ಮುಚ್ಚಿ, ಮಾನಿಟರಿಂಗ್ ಸೆಂಟರಿಗೆ ಸಂದೇಶ ಮುಟ್ಟಿತೇ ಎಂದು ಫೋನಿನಲ್ಲೇ ಕೇಳಿ.

ಡೋಮ್ ಮಸುಕಾಗಿದ್ದರೆ ಸ್ಯಾನಿಟೈಜರ್ ಹಾಕಿ ಒರೆಸಬೇಡಿ. ಆಲ್ಕೋಹಾಲ್ ಅಕ್ರಿಲಿಕ್ ಮೇಲೆ ಕೂದಲೆಳೆ ಬಿರುಕು ಎಬ್ಬಿಸುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಧೂಳನ್ನು ಒಣ ಬಟ್ಟೆಯಿಂದ ಉಜ್ಜಿದರೆ ಮರಳು ಕಾಗದ ಉಜ್ಜಿದಷ್ಟೇ ಗೀರು. ಮೊದಲು ಊದಿ, ಆಮೇಲೆ ಸೋಪಿನ ನೀರು.

ಸೈಟಿನಲ್ಲಿ ಕಾಣುತ್ತದೆ, ಸೆಂಟರಿಗೆ ಕಾಣುವುದಿಲ್ಲ

ರೂಟರಿನ ಆರ್‌ಎಸ್‌ಆರ್‌ಪಿ (4ಜಿ ಸಿಗ್ನಲ್ ಬಲದ ಅಳತೆ) ನೋಡಿ: ಮೈನಸ್ 100ಕ್ಕಿಂತ ಉತ್ತಮವಿದ್ದರೆ ಸರಿ, ಮೈನಸ್ 110ಕ್ಕಿಂತ ಕೆಳಗಿಳಿದರೆ ಆಂಟೆನಾ ಹೊರಗೆ ಹಾಕಬೇಕು. ಕಬ್ಬಿಣದ ಪೆಟ್ಟಿಗೆಯೊಳಗೆ ರೂಟರ್ ಇಟ್ಟು ಸಿಗ್ನಲ್ ಇಲ್ಲ ಎನ್ನುವ ಸೈಟುಗಳು ಬೇಕಾದಷ್ಟಿವೆ. ಸೆಂಟರಿಗೆ ಸಬ್‌ಸ್ಟ್ರೀಮ್ (ಕಡಿಮೆ ಗುಣಮಟ್ಟದ ಹಗುರ ಚಿತ್ರ) ಮಾತ್ರ ಕಳಿಸಿ, ತಲಾ 512 ಕೆಬಿಪಿಎಸ್ ಎಂದರೆ ನಾಲ್ಕಕ್ಕೆ 2 ಎಂಬಿಪಿಎಸ್ ಅಪ್‌ಲೋಡ್ ಸಾಕು. ಸಂಪರ್ಕ ಸುಲಭವಾಗಲೆಂದು ಪೋರ್ಟ್ ಫಾರ್ವರ್ಡ್ ಮಾಡಿ ಡಿವಿಆರನ್ನು ಇಂಟರ್ನೆಟ್ಟಿಗೆ ತೆರೆದಿಡುವುದು, ಕಾರ್ಖಾನೆಯ ಪಾಸ್‌ವರ್ಡ್ ಹಾಗೇ ಬಿಡುವುದು, ಎರಡೂ ಕೂಡದು. ವಿಪಿಎನ್ (ಗೂಢಲಿಪಿಯ ಖಾಸಗಿ ಸಂಪರ್ಕ) ಮೂಲಕವೇ ಹೋಗಲಿ.

ದೃಶ್ಯ ಪೊಲೀಸರಿಗೆ ಕೊಡುವಾಗ

ಪರದೆಯನ್ನು ಮೊಬೈಲಿನಿಂದ ಚಿತ್ರೀಕರಿಸಿ ವಾಟ್ಸಾಪ್ ಮಾಡುವುದು ತನಿಖೆಯ ಆತುರಕ್ಕೆ ಸರಿ, ಸಾಕ್ಷ್ಯವಾಗಿ ಅದನ್ನೇ ನೆಚ್ಚಿಕೊಳ್ಳಬೇಡಿ. ಡಿವಿಆರ್‌ನ ಮೂಲ ರೂಪದಲ್ಲೇ, ಅದರ ಪ್ಲೇಯರ್ ಸಮೇತ ಹೊಸ ಪೆನ್‌ಡ್ರೈವ್‌ಗೆ ಇಳಿಸಿ. ಘಟನೆಗೆ ಮುನ್ನ ಮತ್ತು ನಂತರದ ಅರ್ಧ ಗಂಟೆಯೂ ಇರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ಬರೆಯಬೇಕಾಗುತ್ತದೆ. ಇಳಿಸಿದ ಕೂಡಲೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಡಿವಿಆರ್‌ನ ಸೀರಿಯಲ್ ಸಂಖ್ಯೆ, ಗಡಿಯಾರ ಎಷ್ಟು ತಪ್ಪಿತ್ತೆಂಬ ವಿವರ ಸಹಿತ ಬ್ಯಾಂಕಿನ ಅಧಿಕಾರಿಗೆ ಕೊಡಿ, ಸಹಿ ಅವರದು.

ಹೊರಡುವ ಮುನ್ನ ನಾಲ್ಕೂ ಚಾನೆಲ್‌ನ ಹತ್ತು ನಿಮಿಷ ಹಿಂದಿನ ರೆಕಾರ್ಡಿಂಗ್ ಪ್ಲೇ ಮಾಡಿ ನೋಡಿ, ಲೈವ್ ನೋಡಿ ಬಿಡಬೇಡಿ. ಆಮೇಲೆ ಸೆಂಟರಿಗೆ ಫೋನ್ ಮಾಡಿ ಟೆಸ್ಟ್ ಮೋಡ್ ತೆಗೆಸಿ.